ಅರಿಶಿನದ ಮಾತ್ರೆ: ಅಡುಗೆಮನೆಯ ಹೆಸರು, ಔಷಧದ ಪ್ರಮಾಣ

ಬೆಂಗಳೂರು: ತೆಲಂಗಾಣದ ನಿಜಾಮಾಬಾದ್‌ನಲ್ಲಿ 2025ರ ಜನವರಿಯಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಉದ್ಘಾಟನೆಗೊಂಡಾಗ ಕೇಂದ್ರ ಸರ್ಕಾರದ ಕಣ್ಣು ಇದ್ದದ್ದು ರಫ್ತಿನ ಮೇಲೆ. 2030ರ ವೇಳೆಗೆ ನೂರು ಕೋಟಿ ಡಾಲರ್ ತಲುಪುವುದು ಗುರಿ. ಚಾಮರಾಜನಗರ, ಬೆಳಗಾವಿಯ ಬೆಳೆಗಾರರಿಗೆ ಇದು ಸಿಹಿ ಸುದ್ದಿಯೇ ಸರಿ. ಆದರೆ ಬೇಡಿಕೆಯ ಒಂದು ಭಾಗ ಸಾರು-ಹುಳಿಗೆ ಬೀಳುವ ಅರಿಶಿನದ್ದಲ್ಲ. ಔಷಧ ಅಂಗಡಿಗಳಲ್ಲಿ ಮಾರಾಟವಾಗುವ ಕರ್ಕ್ಯುಮಿನ್ ಮಾತ್ರೆಗಳದ್ದು. ಎರಡೂ ಒಂದೇ ಎಂಬ ನಂಬಿಕೆಯೇ ಈಗ ಆತಂಕಕ್ಕೆ ಕಾರಣವಾಗಿದೆ.

ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಶೇ 95ರಷ್ಟು ಸಾಂದ್ರವಾದ 500 ಮಿ.ಗ್ರಾಂ. ಮಾತ್ರೆಯೊಂದು 15 ಗ್ರಾಂಗೂ ಹೆಚ್ಚು ಪುಡಿಗೆ ಸಮ. ಅಷ್ಟನ್ನು ಒಬ್ಬರ ತಟ್ಟೆಗೆ ಸುರಿಯುವ ಅಡುಗೆಮನೆ ಯಾವುದೂ ಇರಲಿಕ್ಕಿಲ್ಲ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಯ ಜಂಟಿ ತಜ್ಞರ ಸಮಿತಿ ವಿಧಿಸಿರುವ ಮಿತಿ ದಿನಕ್ಕೆ ಪ್ರತಿ ಕೆ.ಜಿ. ದೇಹತೂಕಕ್ಕೆ 3 ಮಿ.ಗ್ರಾಂ. ಅರುವತ್ತು ಕೆ.ಜಿ. ತೂಗುವವರಿಗೆ ಇದು 180 ಮಿ.ಗ್ರಾಂ. ಮಾತ್ರ.

ಮತ್ತೊಂದು ಸಂಗತಿಗೆ ಬೆಂಗಳೂರಿನದೇ ನಂಟಿದೆ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರಿಮೆಣಸಿನ ಪೈಪರಿನ್ ಜೊತೆಗೂಡಿದರೆ ಅದರ ಲಭ್ಯತೆ ಶೇ 2000ದಷ್ಟು ಹೆಚ್ಚುತ್ತದೆಂದು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಇಂದು ಅನೇಕ ಮಾತ್ರೆಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಕಾರಣಕ್ಕೆ. ಯಕೃತ್ತು ಇಂಥ ವಸ್ತುಗಳನ್ನು ಮಾರ್ಪಡಿಸಿ ಹೊರಹಾಕುವ ಕ್ರಿಯೆಯನ್ನು ಪೈಪರಿನ್ ಕುಂಠಿತಗೊಳಿಸುತ್ತದೆ. ಹೀಗಾಗಿ ಅಪಸ್ಮಾರದ ಫಿನಿಟಾಯಿನ್‌ನಂತಹ ಔಷಧಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು.

ಅಮೆರಿಕದ ಯಕೃತ್ ಹಾನಿ ಅಧ್ಯಯನ ಜಾಲ 2022ರಲ್ಲಿ ಅರಿಶಿನ ಸಂಬಂಧಿ 10 ಪ್ರಕರಣಗಳನ್ನು ವರದಿ ಮಾಡಿತು. ಎಲ್ಲವೂ 2011ರ ನಂತರದವು; ಒಬ್ಬರು ಮೃತಪಟ್ಟಿದ್ದರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದು ನಿರ್ದಿಷ್ಟ ಆನುವಂಶಿಕ ಗುರುತು ಕಂಡುಬಂದದ್ದು ಗಮನಾರ್ಹ. ಅಂದರೆ ಅಪಾಯ ವಿರಳ, ಆದರೆ ಯಾರಿಗೆ ಎಂದು ಮೊದಲೇ ಹೇಳಲಾಗದು. ಅದೇ ವರ್ಷ ಇಟಲಿ ಎಚ್ಚರಿಕೆಯ ಒಕ್ಕಣೆಯನ್ನು ಕಡ್ಡಾಯಗೊಳಿಸಿತು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯೂ ಎಚ್ಚರಿಸಿತು.

ಇಷ್ಟಕ್ಕೂ ಲಾಭವೇನು? ಮೊಣಕಾಲು ನೋವಿನಲ್ಲಿ ಸಣ್ಣ ಅಧ್ಯಯನಗಳು ತುಸು ಶಮನ ತೋರಿಸಿವೆ. ಕ್ಯಾನ್ಸರ್, ಮರೆವಿನ ರೋಗಕ್ಕೆ ರಾಮಬಾಣ ಎಂಬ ಪ್ರಚಾರಕ್ಕೆ ಆಧಾರ ಸಾಲದು.

ಭಾರತದಲ್ಲಿ ಇವು ಆಹಾರ ಪೂರಕಗಳಾಗಿ ಮಾರಾಟವಾಗುವಾಗ ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಡಬ್ಬಿಯ ಮೇಲಿರಬೇಕೆಂಬುದು ನಿಯಮ. ಬಳಸುವವರಾದರೋ ಔಷಧವೆಂದೇ ನುಂಗುತ್ತಾರೆ, ವೈದ್ಯರು ಕೇಳಿದಾಗ ಮಾತ್ರ ‘ಬರೀ ಅರಿಶಿನ’ ಎಂದು ಹೇಳದೇ ಬಿಡುತ್ತಾರೆ. ಕಣ್ಣು ಹಳದಿಯಾಗಿ ಮೂತ್ರದ ಬಣ್ಣ ಗಾಢವಾದರೆ ಮಾತ್ರೆ ನಿಲ್ಲಿಸಿ, ಡಬ್ಬಿಯ ಸಮೇತ ವೈದ್ಯರನ್ನು ಕಾಣುವುದು ಅಗತ್ಯ.