ಶ್ರವಣಗೋಷ್ಠಿಯಲ್ಲಿ ಕಣ್ಣಿನ ಸಾಕ್ಷಿ

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳ ಪಟ್ಟಣಗಳಲ್ಲಿ ಧ್ವನಿಯಂತ್ರಗಳಲ್ಲಿ ಆಸಕ್ತಿಯುಳ್ಳವರು ಒಬ್ಬರ ಮನೆಯಲ್ಲೊಬ್ಬರು ನೆರೆದು, ಆ ಮನೆಯ ಸ್ಟೀರಿಯೋ ಯಂತ್ರದ ನಾದವನ್ನು ಕೇಳಿ, ಅದರ ಗುಣದೋಷಗಳನ್ನು ಚರ್ಚಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಬಂದವರಲ್ಲಿ ಕೆಲವರು ತಮ್ಮ ಆಂಪ್ಲಿಫೈಯರನ್ನೋ ಬೆಲೆಬಾಳುವ ತಂತಿಯನ್ನೋ ಜೊತೆಯಲ್ಲಿ ತರುವುದುಂಟು. ಅದನ್ನು ಆತಿಥೇಯನ ಯಂತ್ರಕ್ಕೆ ಜೋಡಿಸಿ, ಆಗತಾನೆ ಕೇಳಿದ ಹಾಡನ್ನೇ ಮತ್ತೊಮ್ಮೆ ಕೇಳುತ್ತಾರೆ. ನಾದದ ಮುಂದಿದ್ದ ಪರದೆಯೇ ಸರಿದುಹೋಯಿತೆಂದು ಒಬ್ಬನು ಉದ್ಗಾರ ತೆಗೆದರೆ ಉಳಿದವರು ತಲೆದೂಗುತ್ತಾರೆ. ತಲೆದೂಗದವನು ಕಿವಿಯಿಲ್ಲದವನೆನಿಸಿಕೊಳ್ಳಬೇಕಾದೀತು.

ಇಂತಹ ಗೋಷ್ಠಿಯು ಸ್ವತಃ ನಿಂದ್ಯವಲ್ಲ. ಸಂಗೀತವನ್ನು ಒಬ್ಬನೇ ಕೇಳುವುದಕ್ಕಿಂತ ಸಹೃದಯರೊಡನೆ ಕೇಳುವುದು ಲೇಸೆಂಬುದನ್ನು ಯಾರೂ ಅಲ್ಲಗಳೆಯಲಾರರು. ಸ್ಟೀರಿಯೋ ವಿಧಾನಕ್ಕೆ ಅಲನ್ ಬ್ಲಮ್‌ಲೈನನು 1931ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೋರಿದನು; 1958ರ ಹೊತ್ತಿಗೆ ಆ ಬಗೆಯ ತಟ್ಟೆಗಳು ಗೃಹಸ್ಥರ ಕೈಗೆ ಬಂದವು. ಎರಡು ಧ್ವನಿವರ್ಧಕಗಳೂ ಕೇಳುಗನೂ ಸುಮಾರಾಗಿ ಒಂದು ಸಮತ್ರಿಭುಜದ ಮೂರು ಮೂಲೆಗಳಲ್ಲಿದ್ದಾಗ, ಯಂತ್ರವಿಲ್ಲದ ನಡುಜಾಗದಲ್ಲಿ ಗಾಯಕನು ನಿಂತು ಹಾಡಿದಂತೆ ಚೆನ್ನಾಗಿ ಭಾಸವಾಗುತ್ತದೆ. ಆದುದರಿಂದ ಹತ್ತು ಮಂದಿ ನೆರೆದರೂ ಉತ್ತಮಾಸನವು ಒಂದೇ. ಅದನ್ನು ಸರದಿಯಂತೆ ಪರರಿಗೆ ಬಿಟ್ಟುಕೊಡುವುದರಲ್ಲಿ ಸೌಜನ್ಯವಿದೆ. ಆಕ್ಷೇಪವು ಗೋಷ್ಠಿಯ ಮೇಲಲ್ಲ. ಅಲ್ಲಿ ಹೊರಡುವ ತೀರ್ಪಿನ ಮೇಲೆ.

ನ್ಯಾಯಸೂತ್ರಕಾರನಾದ ಗೌತಮನು ಪ್ರತ್ಯಕ್ಷಪ್ರಮಾಣಕ್ಕೆ ಹೇಳಿರುವ ವಿಶೇಷಣಗಳಲ್ಲಿ ‘ಅವ್ಯಪದೇಶ್ಯ’ವೆಂಬುದು ಒಂದು. ವಸ್ತುವಿನ ಹೆಸರನ್ನು ಅವಲಂಬಿಸದೆ ಇಂದ್ರಿಯದಿಂದಲೇ ಹುಟ್ಟಿದ ಜ್ಞಾನವೆಂದು ಅದರ ತಾತ್ಪರ್ಯ. ‘ಅವ್ಯಭಿಚಾರಿ’ಯೆಂಬುದು ಇನ್ನೊಂದು, ಬಿಸಿಲ್ಗುದುರೆಯಲ್ಲಿ ನೀರನ್ನು ಕಂಡವನ ಜ್ಞಾನವು ಕಣ್ಣಿನಿಂದ ಹುಟ್ಟಿದುದಾದರೂ ಪ್ರಮಾಣವಾಗಲಾರದು. ಈ ಎರಡು ಒರೆಗಲ್ಲುಗಳಿಗೆ ಉಜ್ಜಿದರೆ ಗೋಷ್ಠಿಯ ತೀರ್ಪಿನ ಗತಿಯೇನು? ಯಂತ್ರದ ಹೆಸರು ಕಣ್ಣ ಮುಂದಿದೆ, ಬೆಲೆಯು ಮನಸ್ಸಿನಲ್ಲಿದೆ, ಅದನ್ನು ಕೊಂಡ ಮಿತ್ರನು ಪಕ್ಕದಲ್ಲಿಯೇ ಕುಳಿತಿದ್ದಾನೆ. ಇವೆಲ್ಲವೂ ಬೆರೆತು ಹುಟ್ಟಿದ ಅಭಿಪ್ರಾಯವನ್ನು ಹಿಡಿದು ತನ್ನ ಕಿವಿಯೇ ಪ್ರಮಾಣವೆಂದು ಸಾರುವವನು, ಕಿವಿಯ ಹೆಸರಿನಲ್ಲಿ ಕಣ್ಣಿನ ಸಾಕ್ಷಿಯನ್ನು ಹೇಳಿಸುತ್ತಿದ್ದಾನೆ.

ಇದು ಬರಿಯ ತರ್ಕವಲ್ಲ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿವಿಜ್ಞಾನಿಗಳು 1994ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. 40 ಮಂದಿ ಕೇಳುಗರು ನಾಲ್ಕು ಧ್ವನಿವರ್ಧಕಗಳನ್ನು ಒಮ್ಮೆ ಕಣ್ಣಾರೆ ಕಂಡು, ಇನ್ನೊಮ್ಮೆ ಕಾಣದೆ ಕೇಳಿ ಅಂಕ ಕೊಟ್ಟರು. ಕಂಡಾಗ ಕೊಟ್ಟ ಅಂಕಗಳೇ ಬೇರೆ, ಕಾಣದಾಗ ಕೊಟ್ಟವೇ ಬೇರೆ. ದೊಡ್ಡದಾಗಿ ಸೊಗಸಾಗಿದ್ದುದಕ್ಕೆ ಕಣ್ಣು ಮನ್ನಣೆಯಿತ್ತಿತು. ಚಿಕ್ಕದಾಗಿ ಅಗ್ಗವಾಗಿದ್ದುದನ್ನು ಕೆಳಗಿಳಿಸಿತು. ಅಷ್ಟೇ ಅಲ್ಲದೆ, ಧ್ವನಿವರ್ಧಕವನ್ನು ಕೋಣೆಯಲ್ಲಿ ಬೇರೆ ಸ್ಥಳದಲ್ಲಿಟ್ಟಾಗ ನಾದದಲ್ಲಿ ನಿಜವಾಗಿಯೂ ಆಗುವ ಭೇದವು ಕಾಣದೆ ಕೇಳಿದವರಿಗೆ ಗೊತ್ತಾಯಿತು. ಕಂಡು ಕೇಳಿದಾಗ ಬಹುಮಟ್ಟಿಗೆ ಮರೆಯಾಯಿತು. ಕಣ್ಣು ಇಲ್ಲದ ಭೇದವನ್ನು ಹುಟ್ಟಿಸುವುದಲ್ಲದೆ ಇರುವ ಭೇದವನ್ನೂ ನುಂಗುತ್ತದೆ.

ಗೋಷ್ಠಿಗಳಲ್ಲಿಯೂ ಎಲ್ಲವೂ ಒಂದೇ ಬಗೆಯವಲ್ಲ. ಬಾಸ್ಟನ್ ಆಡಿಯೋ ಸೊಸೈಟಿಯೆಂಬ ಅಭಿಮಾನಿಗಳ ಸಂಘಕ್ಕೆ ಸೇರಿದ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯು ಸ್ಮರಣೀಯವಾದುದು. ಸಾಧಾರಣ ಸಿ.ಡಿ.ಗಿಂತ ಸೂಕ್ಷ್ಮತರವೆಂದು ಹೆಸರಾದ ತಟ್ಟೆಗಳ ನಾದವನ್ನು ಒಮ್ಮೆ ಇದ್ದಂತೆಯೇ, ಒಮ್ಮೆ ಸಿ.ಡಿ.ಯ ಅಳತೆಗೆ ಇಳಿಸಿ ಕೇಳಿಸಿ, ಯಾವುದು ಯಾವುದೆಂದು ಗುರುತಿಸಹೇಳಿದರು. ಧ್ವನಿಮುದ್ರಣವೇ ವೃತ್ತಿಯಾದವರೂ, ಆ ವಿದ್ಯೆಯ ವಿದ್ಯಾರ್ಥಿಗಳೂ, ಯಂತ್ರಾಭಿಮಾನಿಗಳೂ ಕೇಳಿದರು. 554 ಸಲ ಕೇಳಿಸಿದುದರಲ್ಲಿ 276 ಸಲ ಉತ್ತರವು ಸರಿಯಾಯಿತು. ಕಿವಿಯನ್ನು ಮುಚ್ಚಿಕೊಂಡು ನಾಣ್ಯವನ್ನು ಚಿಮ್ಮಿದ್ದರೂ ಸುಮಾರು 277 ಸಲ ಸರಿಯಾಗುತ್ತಿದ್ದಿತು!

ಇದಕ್ಕೆ ಪ್ರತಿವಾದಿಗಳು ಹೇಳುವ ಸಮಾಧಾನವು ಎರಡು ಬಗೆಯದು. ಪರೀಕ್ಷೆಯ ಆತಂಕದಲ್ಲಿ ಕಿವಿ ಮಂಕಾಗುತ್ತದೆ, ನಿಧಾನವಾಗಿ ಬಹುದಿನ ಕೇಳಿದರೆ ಭೇದವು ತಿಳಿಯುತ್ತದೆಯೆಂಬುದು ಮೊದಲನೆಯದು. ಆದರೆ ಬಾಸ್ಟನ್ನಿನ ಪರೀಕ್ಷೆಯು ಒಂದು ದಿನದ ಅವಸರವಾಗಿರಲಿಲ್ಲ. ವರ್ಷಕ್ಕೂ ಮೀರಿ, ಬೇರೆ ಬೇರೆ ಯಂತ್ರಗಳಲ್ಲಿ ನಡೆಯಿತು. ಮೇಲಾಗಿ, ತಂತಿ ಬದಲಿಸಿದ ಮರುಕ್ಷಣವೇ ಗೋಷ್ಠಿಯಲ್ಲಿ ಪರದೆ ಸರಿದುದನ್ನು ಕಂಡ ಕಿವಿಗೆ, ಯಂತ್ರದ ಹೆಸರನ್ನು ಮರೆಸಿದೊಡನೆ ತಿಂಗಳುಗಳು ಬೇಕಾಗುವುದೇಕೆ? ಸೂಕ್ಷ್ಮ ಭೇದವನ್ನು ಅನುಭವಿಗಳು ಗುರುತಿಸಬಲ್ಲರೆಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. ಜೋಶುವಾ ರೈಸ್ ಎಂಬ ಪಂಡಿತನು 18 ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸಿ, ಕೇಳುಗರು ಇಂತಹ ತಟ್ಟೆಗಳನ್ನು ಅತ್ಯಲ್ಪ ಪ್ರಮಾಣದಲ್ಲಾದರೂ ಗುರುತಿಸುವರೆಂದೂ, ಶಿಕ್ಷಣದಿಂದ ಆ ಶಕ್ತಿ ಹೆಚ್ಚುವುದೆಂದೂ 2016ರಲ್ಲಿ ತೋರಿಸಿದನು. ಆದರೆ ಆ ಅಲ್ಪವನ್ನು ಸಿದ್ಧಪಡಿಸಿಕೊಟ್ಟುದಾದರೂ ಯಾವುದು? ಅಭಿಮಾನಿಯ ಉದ್ಗಾರವಲ್ಲ, ಅವನು ಹಳಿಯುವ ಆ ಪರೀಕ್ಷಾಮಾರ್ಗವೇ.

ವಿಚಿತ್ರವೇನೆಂದರೆ, ಎಲ್ಲರಿಗೂ ಕೇಳಿಸುವ ನಿಜವಾದ ಭೇದವೊಂದು ಗೋಷ್ಠಿಯ ನಡುವೆಯೇ ಇದ್ದರೂ ಅದರ ಮಾತು ಬರುವುದು ಅಪರೂಪ. ಅದು ಕೋಣೆ. ಐದು ಮೀಟರ್ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 34 ಕಂಪನಗಳ ಮಂದ್ರನಾದವು ಗೋಡೆಯಿಂದ ಗೋಡೆಗೆ ತಾಗಿ ನಿಲ್ಲುವ ಅಲೆಯಾಗುತ್ತದೆ. ಗೋಡೆಯ ಬಳಿ ಅದು ಗುಡುಗುತ್ತದೆ. ಕೋಣೆಯ ನಡುವೆ ಬಹುಪಾಲು ಅಡಗುತ್ತದೆ. ಕುರ್ಚಿಯನ್ನು ನಾಲ್ಕು ಅಡಿ ಸರಿಸಿದರೆ, ನೆಲಕ್ಕೆ ದಪ್ಪ ಜಮಖಾನ ಹಾಸಿದರೆ, ಗೋಡೆಗೆ ಪುಸ್ತಕದ ಕಪಾಟು ಇಟ್ಟರೆ ನಾದವು ಬೇರೆಯಾಗುತ್ತದೆ. ತನ್ನ ಯಂತ್ರವನ್ನು ಪರಗೃಹಕ್ಕೆ ಒಯ್ದವನು ಮೊದಲು ಕಲಿಯಬೇಕಾದ ಪಾಠವಿದು. ಆದರೆ ಕುರ್ಚಿ ಸರಿಸುವುದಕ್ಕೆ ಹಣ ಬೇಕಿಲ್ಲ; ಹಣ ಬೇಡದ ಗುಣಕ್ಕೆ ಗೋಷ್ಠಿಯಲ್ಲಿ ಗೌರವವಿಲ್ಲ.

ಇದರಿಂದ ಕೆಡುವುದು ಅಭಿಮಾನಿಯ ಹಣವೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ಸಂಗೀತಕ್ಕೆ ಸಲ್ಲಬೇಕಾದ ಧನವೂ ಲಕ್ಷ್ಯವೂ ತಂತಿಗೆ ಸಲ್ಲುವುದೇ ದೊಡ್ಡ ಹಾನಿ. ಧ್ವನಿಮುದ್ರಿಕೆಗಳ ಪ್ರೀತಿಯು ಸಂಗೀತಕ್ಕೆ ಎಷ್ಟು ಉಪಕಾರ ಮಾಡಬಲ್ಲುದೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಅಕ್ಕರೆಯಿಂದ ಸಂಗ್ರಹಿಸಿದವರು. ನಿಕೊಲಾಯ್ ಮೆಟ್ನರ್ ಎಂಬ ರುಷ್ಯ ವಾಗ್ಗೇಯಕಾರನು ಲಂಡನ್ನಿನಲ್ಲಿ ಜಗತ್ತಿಗೆ ಬಹುಮಟ್ಟಿಗೆ ಮರೆತುಹೋಗಿ, ಆರೋಗ್ಯಗೆಟ್ಟು ಬಾಳುತ್ತಿರಲು, 1940ರ ದಶಕದ ಕೊನೆಯಲ್ಲಿ ಅವನು ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವಂತೆ ಒಡೆಯರು ಧನವಿತ್ತರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅವರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡನು. ಆ ತಟ್ಟೆಗಳು ಉಳಿದಿವೆ. ಕೇಳುಗನೊಬ್ಬನ ಪ್ರೀತಿಯು ತಂತಿಯಲ್ಲಿ ನಿಲ್ಲದೆ ವಾದಕನವರೆಗೆ ಹರಿದುದರ ಫಲವಿದು.

ಆದುದರಿಂದ ಗೋಷ್ಠಿಗಳು ನಡೆಯಲಿ. ಆದರೆ ನ್ಯಾಯವಾಗಿ ನಡೆಯಲಿ. ಯಂತ್ರಗಳನ್ನು ಹೋಲಿಸಬೇಕಾದರೆ ಅವುಗಳ ಮುಂದೆ ಪರದೆ ಎಳೆಯತಕ್ಕದ್ದು. ಎರಡರ ಧ್ವನಿಯ ಪ್ರಮಾಣವನ್ನು ಮಾಪಕದಿಂದ ಸಮಮಾಡತಕ್ಕದ್ದು, ಏಕೆಂದರೆ ತುಸು ಗಟ್ಟಿಯಾದುದು ಕಿವಿಗೆ ಉತ್ತಮವೆಂದೇ ತೋರುತ್ತದೆ. ಬದಲಿಸುವವನು ಕೇಳುಗರ ಕಣ್ಣಿಗೆ ಬೀಳದಿರತಕ್ಕದ್ದು. ಅಷ್ಟಾದ ಮೇಲೂ ಭೇದವು ಕೇಳಿಸಿದರೆ ಅದನ್ನು ಯಾರೂ ಪ್ರಶ್ನಿಸಲಾರರು. ಕೇಳಿಸದಿದ್ದರೆ ತಂತಿಯ ಹಣದಲ್ಲಿ ಒಬ್ಬ ಗಾಯಕನನ್ನು ಮನೆಗೆ ಕರೆಸಿ, ಅದೇ ಮಿತ್ರರೊಡನೆ ಕುಳಿತು ಹಾಡಿಸಿ ಕೇಳಬಹುದು. ಆ ಸಭೆಯಲ್ಲಿ ಉತ್ತಮಾಸನಕ್ಕಾಗಿ ಯಾರೂ ಸರದಿ ಕಾಯಬೇಕಾಗುವುದಿಲ್ಲ.