ಉಣ್ಣೆ ಮುಗಿಯುವವರೆಗೆ

ಅಮ್ಮ ಹೆಣೆದುಕೊಟ್ಟ ಹಸಿರು ಸ್ವೆಟರಿನ ಮೊಣಕೈ ಸವೆದುಹೋಗಿತ್ತು. ಬಿಸಾಡಲು ಮನಸ್ಸಿಲ್ಲ, ತೊಡುವಂತೆಯೂ ಇಲ್ಲ. ಕುಶಾಲನಗರದಲ್ಲಿ ಸ್ವೆಟರಿಗೇನು ಬರ? ಹೊಳೆ ದಾಟಿದರೆ ಬೈಲುಕುಪ್ಪೆ. 1961ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರಲ್ಲಿ ಅನೇಕರಿಗೆ ಚಳಿಗಾಲದ ಸ್ವೆಟರ್ ವ್ಯಾಪಾರವೇ ಜೀವನ. ಮಾಲು ಹೆಚ್ಚಾಗಿ ಲೂಧಿಯಾನದ ಯಂತ್ರದ್ದು. "ಹೊಸದನ್ನೇ ಕೊಂಡರಾಯಿತಲ್ಲ" ಎಂದರು ಮನೆಯವರು.

ಆದರೂ ಬಿಚ್ಚಿದೆ. ಅಮ್ಮನ ಒಂದೊಂದು ಕುಣಿಕೆ ಕಳಚುವಾಗಲೂ ಕೈ ತಡೆಯುತ್ತಿತ್ತು. ಬಿಚ್ಚಿದ ಉಣ್ಣೆ ಗುಂಗುರಾಗಿರುತ್ತದೆ. ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ನೆರಳಿಗೆ ನೇತುಹಾಕಿ, ನೇರವಾಗುತ್ತದೆ. ಎಷ್ಟು ಉಳಿದೀತು, ಯಾವುದಕ್ಕೆ ಸಾಕಾದೀತು ಎಂಬುದೇ ಚಿಂತೆ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ, ತೆರ್ಮೆ ತೊಪ್ಪು ಬಿಡಿಸುವಾಗ. ಈ ಜರೀಗಿಡದ ಎಲೆಗೆ ಒಂದು ತುದಿ ಚೂಪು, ಇನ್ನೊಂದು ಕಡೆ ಅಗಲ. ಶಾಲೂ ಹಾಗೇ ಇರಲಿ: ಚೂಪು ತುದಿಯಲ್ಲಿ ಶುರು, ಉಣ್ಣೆ ಮುಗಿದಲ್ಲಿ ಮುಕ್ತಾಯ. ಎರಡು ಬದಿ ಒಂದೇ ಸಮ ಇರಬೇಕೆಂಬ ಹಟವಿಲ್ಲದ್ದರಿಂದ ಮೊದಲೇ ಲೆಕ್ಕ ಹಾಕಬೇಕಿಲ್ಲ.

ತುಸು ದಪ್ಪ ಕಡ್ಡಿಯಲ್ಲಿ ಮೂರು ಕುಣಿಕೆ ಹಾಕಿಕೊಳ್ಳಿ. ಹೊರಮೈ ಸಾಲಿನಲ್ಲಿ ಮೊದಲ ಕುಣಿಕೆಯಿಂದ ಎರಡು ಮಾಡಿ, ಕೊನೆಯ ಎರಡನ್ನು ಒಟ್ಟಿಗೆ ಹೆಣೆಯಿರಿ. ಒಳಮೈ ಸಾಲಿನ ಕೊನೆಯ ಕುಣಿಕೆಯಿಂದಲೂ ಎರಡು ಮಾಡಿ. ಹೀಗೆ ಎರಡು ಸಾಲಿಗೆ ಒಂದೇ ಕುಣಿಕೆ ಹೆಚ್ಚುತ್ತದೆ, ಶಾಲು ಒಂದು ಕಡೆಗೆ ಓರೆಯಾಗಿ ಚಾಚುತ್ತದೆ.

ಹತ್ತು ಸಾಲು ಎರಡೂ ಮೈ ಸೀದಾ. ಮುಂದಿನ ಆರು ಸಾಲು ಹೊರಮೈ ಸೀದಾ, ಒಳಮೈ ಉಲ್ಟಾ. ಆ ಆರರಲ್ಲಿ ಮೂರನೆಯ ಸಾಲಿನಲ್ಲಿ ಮಾತ್ರ ಪ್ರತಿ ನಾಲ್ಕನೆಯ ಕುಣಿಕೆ ಉಲ್ಟಾ. ಜರೀ ಎಲೆಯ ಬೆನ್ನಿನ ಚುಕ್ಕೆಗಳಂತೆ ಉಬ್ಬು ಮೂಡುತ್ತದೆ. ಮತ್ತೆ ಮೊದಲಿನಿಂದ. ಅಂಚಿನ ಹೆಚ್ಚಿಸು–ಇಳಿಸು ಮಾತ್ರ ಎಲ್ಲೂ ತಪ್ಪಬಾರದು.

ಒಂದು ಎಚ್ಚರಿಕೆ: ಕೊನೆಯ ಸಾಲೇ ಎಲ್ಲಕ್ಕಿಂತ ಉದ್ದ. ಅದರ ನಾಲ್ಕರಷ್ಟು ಉಣ್ಣೆ ಉಳಿದಿರುವಾಗಲೇ ಸಡಿಲವಾಗಿ ಕುಣಿಕೆ ಮುಚ್ಚಿಬಿಡಿ. ನಾನು ಆಸೆಬಿದ್ದು ಇನ್ನೆರಡು ಸಾಲು ಹೆಣೆದು, ಅವನ್ನು ಬಿಚ್ಚಬೇಕಾಯಿತು.

ನನ್ನ ಶಾಲು ಹೆಗಲಿಗಷ್ಟೇ ಸಾಕಾಯಿತು. ನೋಡಿದ ಪಕ್ಕದ ಮನೆಯಾಕೆ, "ಒಂದು ಕಡೆ ಗಿಡ್ಡವಾಯಿತಲ್ಲ" ಎಂದರು. "ಇದ್ದದ್ದೇ ಅಷ್ಟು" ಎಂದೆ.