ಪರದೆ ಬರೆದವರ ಹೆಸರೇನು?

1631ರಲ್ಲಿ ಲಂಡನ್ನಿನ ಇಬ್ಬರು ದೊಡ್ಡ ಮನುಷ್ಯರು ಪುಸ್ತಕವೊಂದರ ಮೊದಲ ಪುಟಕ್ಕಾಗಿ ಜಗಳ ಆಡಿದರು. ಅರಮನೆಯಲ್ಲಿ ಆಡಿದ ಆಟ ಅಚ್ಚಾಗಿತ್ತು. ಮಾತು ಬರೆದ ಬೆನ್ ಜಾನ್ಸನ್ ತನ್ನ ಹೆಸರು ಮೊದಲು ಹಾಕಿಕೊಂಡು, ರಂಗ ಕಟ್ಟಿದ ಇನಿಗೊ ಜೋನ್ಸ್ ಹೆಸರನ್ನು ಆಮೇಲೆ ಹಾಕಿದ್ದ. ಜೋನ್ಸ್ ಸುಮ್ಮನಿರಲಿಲ್ಲ. 1605ರಿಂದ ಜೊತೆಗಿದ್ದ ಜೋಡಿ ಮುರಿಯಿತು. ಅರಮನೆಯ ಕೆಲಸ ಹೋಗಿದ್ದು ಕವಿಯದು, ರಂಗ ಕಟ್ಟಿದವನದಲ್ಲ.

‘ಇಷ್ಟಕ್ಕೆಲ್ಲಾ ಜಗಳಾನಾ?’ ಅಂತೀರಾ? ನಾನಂತೂ ಜೋನ್ಸ್ ಕಡೆ. ಬಟ್ಟೆ ಕೆಲಸದವನ ಮಗ ಆತ. ಇಟಲಿಗೆ ಹೋಗಿ ಪಲ್ಲಾಡಿಯೋನ ಕಟ್ಟಡಗಳನ್ನು ಕಣ್ಣಾರೆ ಕಂಡು ಬಂದು, 1619ರಿಂದ 1622ರ ನಡುವೆ ವೈಟ್‌ಹಾಲ್‌ನಲ್ಲಿ ಬ್ಯಾಂಕ್ವೆಟಿಂಗ್ ಹೌಸ್ ಕಟ್ಟಿದ. ಚೌಕಟ್ಟಿನೊಳಗಿನ ರಂಗ, ಸರಿದು ಬದಲಾಗುವ ಸೀನು, ಇವನ್ನು ಇಂಗ್ಲೆಂಡಿನಲ್ಲಿ ರೂಢಿಗೆ ತಂದವನೂ ಅವನೇ.

ಆ ಚೌಕಟ್ಟು ಮುಂದೆ ಇಂಗ್ಲಿಷ್ ನಾಟಕಶಾಲೆಗಳಿಂದ ಪಾರ್ಸಿ ಕಂಪನಿಗಳಿಗೆ, ಅಲ್ಲಿಂದ ಮರಾಠಿ, ಕನ್ನಡ ಕಂಪನಿಗಳಿಗೆ ದಾಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಜಾತ್ರೆಗೆ ನಾಟಕ ಇಟ್ಟರೆ ಈಗಲೂ ಅದೇ ಅರಮನೆ ಸೀನು, ಕಾಡಿನ ಸೀನು, ಬೀದಿ ಸೀನು, ಎರಡೂ ಬದಿಗೆ ವಿಂಗು. ಆದರೆ ಹ್ಯಾಂಡ್‌ಬಿಲ್ ನೋಡಿ. ಕವಿ ಇದ್ದಾರೆ, ಮಾಸ್ತರು ಇದ್ದಾರೆ, ಹಾರ್ಮೋನಿಯಂ, ತಬಲಾ, ಉದ್ಘಾಟನೆಗೆ ಬರುವ ಗೌಡ್ರು, ಸೀನರಿ ಬಾಡಿಗೆ ಕೊಟ್ಟ ಮಾಲೀಕರು ಎಲ್ಲ ಇದ್ದಾರೆ. ಪರದೆ ಬರೆದ ಕೈಯ ಹೆಸರು ಮಾತ್ರ ಹುಡುಕಿದರೂ ಸಿಗೋದು ಕಷ್ಟ. ವಿಜಯಪುರದ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರಿದೆ, ಇರಬೇಕಾದದ್ದೇ. ಅವರ ‘ರಕ್ತರಾತ್ರಿ’ಗೆ ಊರೂರಲ್ಲಿ ಬಣ್ಣದಲ್ಲಿ ರಾತ್ರಿ ಬರೆದುಕೊಟ್ಟವರು ಯಾರು?

‘ಅವರದು ಕೂಲಿ ಕೆಲಸ, ಕಲೆ ಅಲ್ಲ’ ಅನ್ನೋ ವಾದ ಬರುತ್ತೆ. ಈ ಮಾತನ್ನು ಬಸವನ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಆಡಲು ನಾಚಿಕೆಯಾಗಬೇಕು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ: ಕಾಯಕ ಹೆಸರಿನ ಮುಂದೆಯೇ ನಿಂತಿದೆ. ನಾವು ಕಾಯಕವನ್ನು ಭಾಷಣಕ್ಕೆ ಇಟ್ಟುಕೊಂಡು ಹೆಸರನ್ನು ಅಳಿಸಿದ್ದೇವೆ.

ನೀವು ಮಾಡಿದ ಸ್ಲೈಡನ್ನು ಮ್ಯಾನೇಜರ್ ತನ್ನದೆಂದು ಮೀಟಿಂಗಿನಲ್ಲಿ ತೋರಿಸಿದರೆ ನಿಮಗೆ ಆ ರಾತ್ರಿ ನಿದ್ದೆ ಬರಲ್ಲ. ಪರದೆಯವರು ಹೀಗೆ ಬದುಕಿಡೀ ನುಂಗಿಕೊಂಡಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಕೆಲಸವೂ ಕೈ ಬಿಡುತ್ತಿದೆ. ಈಗ ಕೇಳದಿದ್ದರೆ ಹೇಳುವವರೇ ಉಳಿಯಲ್ಲ.

ಮುಂದಿನ ಜಾತ್ರೆ ನಾಟಕಕ್ಕೆ ಊರಿನವರು ಪಟ್ಟಿ ಕೇಳಿ ಫೋನ್ ಮಾಡ್ತಾರೆ. ದುಡ್ಡು ಕಳಿಸಿ, ಆದರೆ ಒಂದು ಷರತ್ತು ಹಾಕಿ: ಹ್ಯಾಂಡ್‌ಬಿಲ್‌ನಲ್ಲಿ ಪರದೆ ಬರೆದವರ ಹೆಸರು ಇರಲಿ, ಮಾಲೀಕರ ಹೆಸರಿಗಿಂತ ಮೇಲೆ. ಒಂದೇ ಸಾಲು, ಖರ್ಚು ಸೊನ್ನೆ. ಅದಕ್ಕೂ ಜಗಳ ಆದರೆ, ಆಗಲಿ ಬಿಡಿ.